ಅಕ್ಕನ ಎರಡು ದೀಪಾವಳಿ

ಯಾರನ್ನೂ ಸುಲಭಕ್ಕೆ ಮೆಚ್ಚಿಕೊಳ್ಳುವ ಸ್ವಭಾವ ನನ್ನದಲ್ಲ. ಮದುವೆಯ ಊಟವಾಗಲಿ, ಪಾದ್ರಿಗಳ ಪ್ರವಚನವಾಗಲಿ, ಹೊಸದಾಗಿ ಬಂದ ಮ್ಯಾನೇಜರಾಗಲಿ, ನನ್ನ ಕಣ್ಣಿಗೆ ಮೊದಲು ಬೀಳುವುದು ಕೊರತೆಯೇ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವರು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅಂಥ ನಾನು ಒಂದು ಹಾಳೆಯನ್ನು ನೋಡಿ ಬೆರಗಾದೆ. ಸೈಬರ್‌ಜಯಾದ ನಮ್ಮ ಕಚೇರಿಯ ಪ್ಯಾಂಟ್ರಿಯಲ್ಲಿ, ಫ್ರಿಜ್ಜಿನ ಪಕ್ಕದ ಗೋಡೆಗೆ ಅಂಟಿಸಿದ್ದ ಹಾಳೆ ಅದು.

ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದು, ಐದು ವರ್ಷದ ಹಿಂದೆ ಇಲ್ಲಿಗೆ, ಮಲಾಯ್ ಜನರ ನಾಡಿಗೆ, ಬಂದವನು ನಾನು. ನಮ್ಮ ವಿಭಾಗದಲ್ಲಿ ಎಂಟು ಜನ. ತಣ್ಣನೆಯ ಪೆಟ್ಟಿಗೆಗಳಲ್ಲಿ ದೇಶದೇಶಕ್ಕೆ ಹೋಗುವ ಔಷಧಿಗಳಿಗೆ ಕಾಗದಪತ್ರ ಸಿದ್ಧಪಡಿಸುವುದು ನಮ್ಮ ಕೆಲಸ. ಒಂದು ಕಾಗದಕ್ಕೆ ಮುದ್ರೆ ಬೀಳದಿದ್ದರೂ ಪೆಟ್ಟಿಗೆ ವಿಮಾನ ಹತ್ತುವುದಿಲ್ಲ, ಒಳಗಿನ ಔಷಧಿ ಕೆಡುತ್ತದೆ. ಹಾಗಾಗಿ ಹಬ್ಬವಿರಲಿ ಹರಿದಿನವಿರಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಒಬ್ಬರಾದರೂ ಕಚೇರಿಯಲ್ಲಿ ಕೂತಿರಬೇಕು. ಉಳಿದವರು ಸರದಿಯಂತೆ ಮಧ್ಯಾಹ್ನದ ಮೇಲಿನ ಪಾಳಿಗೆ ಬರುತ್ತಿದ್ದರು, ಆದರೆ ಬೆಳಿಗ್ಗೆ ಆ ಮುದ್ರೆ ಒತ್ತುವ ಅಧಿಕಾರವಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ನಾನು. ಇನ್ನೊಬ್ಬರು ಹದಿನೆಂಟು ವರ್ಷದಿಂದ ಅಲ್ಲೇ ಇದ್ದ ತಮಿಳು ಹೆಂಗಸು. ಎಲ್ಲರೂ, ಚೀನೀ ಸಹೋದ್ಯೋಗಿಗಳು ಕೂಡ, ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನನಗೂ ಅವರು ಅಕ್ಕ. ಅವರಿಗೆ ನಾನು ತಂಬಿ, ಅಂದರೆ ತಮ್ಮ.

ಗೋಡೆಯ ಹಾಳೆ ವರ್ಷದ ಹಬ್ಬಗಳ ಚಾರ್ಟು. ಇಲ್ಲಿಯ ಈದ್ ಆದ ಹಾರಿ ರಾಯಾ, ಚೀನೀ ಹೊಸ ವರ್ಷ, ದೀಪಾವಳಿ, ಕ್ರಿಸ್ಮಸ್ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಎದುರು ಒಂದು ಖಾಲಿ ಮನೆ. ಜನವರಿಯ ಮೊದಲ ಸೋಮವಾರ ಎಲ್ಲರೂ ಅದರ ಮುಂದೆ ನಿಲ್ಲುತ್ತೇವೆ. ನಮ್ಮ ಮೇಲಧಿಕಾರಿ ಮಲಾಯ್ ಹೆಂಗಸು, ಇಲ್ಲಿಯ ಗೌರವದ ಮಾತಿನಲ್ಲಿ ಪುವಾನ್. ಅವರು ಪೆನ್ನು ತಂದು ಕೊಡುತ್ತಾರೆ ಅಷ್ಟೇ, ಒಂದಕ್ಷರವನ್ನೂ ಬರೆಯುವುದಿಲ್ಲ. ಖಾಲಿ ಮನೆಯಲ್ಲಿ ಬರೆಯಬೇಕಾದ್ದು ಆ ದಿನ ಕೆಲಸಕ್ಕೆ ಬರುವವರ ಹೆಸರು, ಅದೂ ಅವರವರ ಕೈಯಿಂದಲೇ. ಇನ್ನೊಬ್ಬರ ಹೆಸರನ್ನು ಯಾರೂ ಬರೆಯುವಂತಿಲ್ಲ. ಆಮೇಲೆ ಬದಲಾಯಿಸಬೇಕೆಂದರೆ ಮತ್ತೆ ಎಲ್ಲರೂ ಚಾರ್ಟಿನ ಮುಂದೆ ಬಂದು ನಿಲ್ಲಬೇಕು, ಕಾರಣವನ್ನು ಬಾಯಿಬಿಟ್ಟು ಹೇಳಬೇಕು.

ಬೆಂಗಳೂರಿನಲ್ಲಿ ನನಗೆ ಡ್ಯೂಟಿ ಪಟ್ಟಿ ಎಂದರೆ ಹಿಂದಿನ ಸಂಜೆ ಮೊಬೈಲಿಗೆ ಬಂದು ಬೀಳುತ್ತಿದ್ದ ಮೇಲ್. ಯಾರು ಬರೆದರು, ಯಾಕೆ ಬರೆದರು, ಕೇಳುವಂತಿರಲಿಲ್ಲ. ಬಾಸಿನ ಜೊತೆ ಸಿಗರೇಟು ಸೇದುವವನಿಗೆ ಹಬ್ಬ, ಉಳಿದವರಿಗೆ ಡ್ಯೂಟಿ. ಇಲ್ಲಿ ಎಂಟು ಜನ ದೊಡ್ಡವರು ಸ್ಕೂಲು ಮಕ್ಕಳ ಹಾಗೆ ಸಾಲಲ್ಲಿ ನಿಂತು ತಮ್ಮ ಪಾಲಿನ ಕಷ್ಟವನ್ನು ತಾವೇ ಬರೆದುಕೊಳ್ಳುವುದನ್ನು ನೋಡಿ, ಇದು ನಾಟಕವಿರಬೇಕು ಅಂದುಕೊಂಡೆ. ಆಗಿರಲಿಲ್ಲ.

ಆ ಮೊದಲ ಜನವರಿಯಲ್ಲೇ ನಾನು ತಪ್ಪು ಮಾಡಿದೆ. ದೀಪಾವಳಿಯ ಸಾಲಿಗೆ ಬಂದಾಗ ಪುವಾನ್ ನನ್ನ ಮುಖ ನೋಡಿ, "ದೀಪಾವಳಿ ನಿಮಗೂ ಇರುತ್ತಲ್ಲ?" ಎಂದು ಕೇಳಿದರು. ಕಚೇರಿಯ ಮಾತು ಇಂಗ್ಲಿಷಿಗೆ ಮಲಾಯ್ ಬೆರೆತದ್ದು, ಅಕ್ಕನ ಜೊತೆಗಾದರೆ ತಮಿಳೂ ಸೇರುತ್ತಿತ್ತು. ನೆನಪಿನಲ್ಲಿ ನನಗೆ ಎಲ್ಲವೂ ಕನ್ನಡದಲ್ಲೇ ಕೇಳಿಸುವುದರಿಂದ ಹಾಗೇ ಬರೆಯುತ್ತಿದ್ದೇನೆ. ನಾನು ಕೆಥೋಲಿಕ. ನಮ್ಮ ಮನೆಯಲ್ಲಿ ದೀಪಾವಳಿಗೆ ಒಂದು ಹಣತೆಯನ್ನೂ ಹಚ್ಚಿದ್ದಿಲ್ಲ. ಚಿಕ್ಕಂದಿನಲ್ಲಿ ನೆರೆಮನೆಯವರು ಕೊಟ್ಟ ಸಿಹಿ ಅವಲಕ್ಕಿ ತಿಂದು, ಅವರದೇ ಪಟಾಕಿ ಹೊಡೆದದ್ದಷ್ಟೇ ನನ್ನ ದೀಪಾವಳಿ. ಇಲ್ಲ ಎನ್ನಲು ಒಂದು ಮಾತು ಸಾಕಿತ್ತು. ಆದರೆ ಊರು ಬಿಟ್ಟು ತಿಂಗಳಾಗಿತ್ತಷ್ಟೆ, ಒಂದು ರಜೆ ಸುಮ್ಮನೆ ಕೈಗೆ ಬರುತ್ತಿತ್ತು. "ಹೂಂ, ಇರುತ್ತೆ" ಅಂದೆ.

ಅಕ್ಕ ತಕ್ಷಣ ಪೆನ್ನು ತೆಗೆದುಕೊಂಡರು. "ತಂಬಿಗೆ ಇದು ಮೊದಲನೇ ವರ್ಷ, ಮನೆ ನೆನಪಾಗುತ್ತೆ. ಈ ಸಲ ನಾನು ಬರ್ತೀನಿ. ಮುಂದಿನ ವರ್ಷ ಅವನು ಬರಲಿ," ಎಂದು ತಮ್ಮ ಹೆಸರು ಬರೆದರು. ಕ್ರಿಸ್ಮಸ್ ಸಾಲಿಗೆ ಬಂದಾಗ ನಾನು ಅದೂ ನಮ್ಮ ಹಬ್ಬವೇ ಎಂದೆ. ಎಲ್ಲರೂ ನನ್ನತ್ತ ತಿರುಗಿದರು. ನಮ್ಮ ಊರಿನಲ್ಲಿ ಎಲ್ಲರೂ ಎಲ್ಲ ಹಬ್ಬವನ್ನೂ ಮಾಡುತ್ತೇವೆ ಎಂದು ಭಾಷಣವನ್ನೇ ಬಿಗಿದೆ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಮನೆಗೆ ಹೋಗಿ ಉಣ್ಣುವ ದೇಶವಿದು, ಅವರಿಗೆಲ್ಲ ಖುಷಿಯಾಯಿತು. "ಅದೃಷ್ಟವಂತ ಲಾ!" ಎಂದು, ಇಲ್ಲಿ ಎಲ್ಲರ ಮಾತಿನ ಬಾಲಕ್ಕೂ ಅಂಟುವ 'ಲಾ' ಸೇರಿಸಿ, ನಮ್ಮ ವಿಭಾಗದ ಒಬ್ಬ ಚೀನೀ ಗೆಳೆಯ ಬೆನ್ನು ತಟ್ಟಿದ. ಕ್ರಿಸ್ಮಸ್ ಎದುರಿಗೂ ಅಕ್ಕನ ಹೆಸರೇ ಬಿತ್ತು.

ಹೀಗೆ ನಾಲ್ಕು ವರ್ಷ ಕಳೆದವು. ದೀಪಾವಳಿಯ ರಜೆ ಒಂದು ವರ್ಷ ನನಗೆ, ಒಂದು ವರ್ಷ ಅವರಿಗೆ. ಕ್ರಿಸ್ಮಸ್ ರಜೆ ಪ್ರತಿ ವರ್ಷ ನನಗೆ. ನಾಚಿಕೆಗೇಡಿನ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನನ್ನ ಪಾಲಿನ ದೀಪಾವಳಿಗಳ ಮರುದಿನ ನಾನು ಬ್ರಿಕ್‌ಫೀಲ್ಡ್ಸಿನ ತಮಿಳು ಅಂಗಡಿಯಿಂದ ಚಕ್ಕುಲಿಯಂಥ ಮುರುಕ್ಕು ತಂದು, ಮನೆಯ ಡಬ್ಬಿಗೆ ಸುರಿದು ಕಚೇರಿಗೆ ಒಯ್ಯುತ್ತಿದ್ದೆ. ಅಕ್ಕ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ನಿನ್ನ ಹೆಂಡತಿಯ ಕೈ ಚೆನ್ನಾಗಿದೆ ಎನ್ನುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ.

ಐದನೆಯ ವರ್ಷದ ದೀಪಾವಳಿಗೆ ಡ್ಯೂಟಿ ಅಕ್ಕನದು, ಜನವರಿಯಲ್ಲೇ ಬರೆದಿದ್ದರು. ಜೂನಿನಲ್ಲಿ ಅವರ ಒಬ್ಬಳೇ ಮಗಳ ಮದುವೆಯಾಯಿತು. ನಾವೆಲ್ಲ ಹೋಗಿ ಬಾಳೆಎಲೆಯ ಊಟ ಉಂಡು ಬಂದೆವು. ದೀಪಾವಳಿಗೆ ಎರಡು ವಾರವಿದ್ದಾಗ ಒಂದು ಶನಿವಾರ ಬೆಳಿಗ್ಗೆ ನಾನು ತರಕಾರಿ ತರಲು ಬ್ರಿಕ್‌ಫೀಲ್ಡ್ಸಿಗೆ ಹೋಗಿದ್ದೆ. ಬಟ್ಟೆ ಅಂಗಡಿಯೊಂದರಲ್ಲಿ ಅಕ್ಕ ಕಂಡರು. ಅವರ ಮುಂದೆ ಜರಿಯಂಚಿನ ಪಂಚೆಗಳ ರಾಶಿ ಬಿದ್ದಿತ್ತು, ಒಂದೂ ಒಪ್ಪಿಗೆಯಾಗದೆ ಅಂಗಡಿಯವನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು.

"ಅಳಿಯನಿಗೆ," ಎಂದರು ನನ್ನನ್ನು ನೋಡಿ. "ತಲೈ ದೀಪಾವಳಿ ಅಲ್ವಾ."

ನನಗೆ ಅದು ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಬರುವ ಮೊದಲ ದೀಪಾವಳಿಗೆ ಮಗಳು ಅಳಿಯ ತವರಿಗೆ ಬರಬೇಕು, ಬೆಳಿಗ್ಗೆ ಇಬ್ಬರನ್ನೂ ಕೂರಿಸಿ ತಾಯಿ ತನ್ನ ಕೈಯಿಂದ ನೆತ್ತಿಗೆ ಎಣ್ಣೆ ಇಡಬೇಕು, ಸ್ನಾನವಾದ ಮೇಲೆ ಹೊಸ ಬಟ್ಟೆ ಕೊಡಬೇಕು ಎಂದು ಅಂಗಡಿಯವನೇ ವಿವರಿಸಿದ. ಒಂದೇ ಸಲ ಬರುವ ಹಬ್ಬ ಎಂದೂ ಸೇರಿಸಿದ.

"ಅಕ್ಕಾ, ಆವತ್ತು ನಿಮ್ಮ ಡ್ಯೂಟಿ ಅಲ್ವಾ?" ಅಂದೆ.

"ಹೂಂ. ಎಣ್ಣೆ ನನ್ನ ತಂಗಿ ಇಡ್ತಾಳೆ. ನಾನು ಮಧ್ಯಾಹ್ನ ಬಂದು ಸೇರ್ಕೋತೀನಿ."

"ನಾನು ಬರ್ತೀನಿ ಬಿಡಿ. ನೀವು ಮನೇಲಿರಿ."

"ಬೇಡ ಲಾ. ನಿಂಗೂ ಅದೇ ಹಬ್ಬ. ನಿನ್ನ ಹೆಂಡತಿ ಮಗಳನ್ನ ಬಿಟ್ಟು ನೀನು ಬಂದು ಕೂತ್ಕೊಂಡ್ರೆ, ಇಲ್ಲಿ ನನ್ನ ಕೈಯಲ್ಲಿ ಎಣ್ಣೆ ನಿಲ್ಲುತ್ತಾ?"

ಒತ್ತಾಯ ಮಾಡಿದೆ. ಕೇಳಲಿಲ್ಲ. ಪಂಚೆ ಕಟ್ಟಿಸಿಕೊಂಡು ಹೊರಗೆ ಬಂದಮೇಲೆ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಚಾರ್ಟಿನ ಕಥೆ ಹೇಳಿದರು. ಈ ಪುವಾನ್ ಬರುವ ಮೊದಲು ಬೇರೆ ಅಧಿಕಾರಿಯಿದ್ದರಂತೆ. ಹೋಗಿ ಅತ್ತವರಿಗೆ ರಜೆ. ಅಕ್ಕನಿಗೆ ಅಳಲು ಬರುತ್ತಿರಲಿಲ್ಲ, ಸತತ ಐದು ದೀಪಾವಳಿ ಕಚೇರಿಯಲ್ಲೇ ಕಳೆದರು. ಪುವಾನ್ ಬಂದ ಮೊದಲ ವಾರ ಒಬ್ಬೊಬ್ಬರನ್ನೇ ಕರೆದು, ಇಲ್ಲಿ ನಿಮಗೆ ನೋವಾದದ್ದು ಏನು ಎಂದು ಕೇಳಿದರಂತೆ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಅಕ್ಕ ದೀಪಾವಳಿಯ ಮಾತು ತೆಗೆದರು. ಹಾಗಾದರೆ ಹೇಗಿರಬೇಕು ನೀವೇ ಹೇಳಿ ಎಂದರು ಪುವಾನ್. ಎಲ್ಲರೂ ನೋಡುವ ಹಾಗೆ, ಅವರವರ ಕೈಯಿಂದಲೇ ಬರೆಯಲಿ ಎಂದರು ಅಕ್ಕ. ಮರುದಿನವೇ ಹಾಳೆ ಗೋಡೆಗೆ ಬಂತು.

"ಆಮೇಲೆ ಎರಡು ಕಂಪನಿಯವರು ಕರೆದ್ರು. ದೊಡ್ಡ ಕೆಲಸಕ್ಕೇ. ಹೋಗ್ಲಿಲ್ಲ," ಎಂದರು. "ಅಲ್ಲಿ ಆ ಹಾಳೆ ಇರುತ್ತಾ? ನಾನು ಕೇಳಿದ್ದಕ್ಕೆ ಬಂದಿದ್ದು ಅದು. ಈಗ ನನ್ನ ಮನೆ ಹಬ್ಬಕ್ಕೆ ಅಂತ ನಾನೇ ಅದನ್ನ ಮುರಿದ್ರೆ, ನಾಳೆ ಯಾರು ನಂಬ್ತಾರೆ ತಂಬಿ?"

ಕೆಲಸ ಮಾಡುವ ಜಾಗವನ್ನು ಇಷ್ಟು ಹಚ್ಚಿಕೊಂಡವರನ್ನು ನಾನು ಕಂಡಿರಲಿಲ್ಲ. ಕಂಪನಿ ನಮ್ಮ ಕುಟುಂಬ ಎಂದು ವೇದಿಕೆಯ ಮೇಲೆ ಹೇಳುವವರನ್ನು ಬೇಕಾದಷ್ಟು ಕಂಡಿದ್ದೆ, ಮನಸ್ಸಿನಲ್ಲೇ ನಕ್ಕಿದ್ದೆ. ಅಕ್ಕ ಅಂಥ ಮಾತೊಂದನ್ನೂ ಆಡಲಿಲ್ಲ. ಮಗಳ ನೆತ್ತಿಗೆ ಎಣ್ಣೆ ಇಡುವುದನ್ನು ಬಿಟ್ಟುಕೊಟ್ಟಿದ್ದರು, ಅಷ್ಟೇ. ಅದನ್ನು ಬಿಟ್ಟುಕೊಟ್ಟದ್ದು ನನ್ನ ಸುಳ್ಳಿಗೆ ಎಂದು ಅವರಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೆಂಗಳೂರಿನ ಕನ್ನಡ ಕ್ರೈಸ್ತರ ಮನೆಯವಳು. ಚಾರ್ಟಿನ ವಿಷಯ ನಾನು ಅವಳಿಗೂ ಪೂರ್ತಿ ಹೇಳಿರಲಿಲ್ಲ. ಆ ರಜೆಗೆ ಪೆನಾಂಗಿಗೆ ಹೋಗುವುದೆಂದು ಹೋಟೆಲು ಗೊತ್ತುಮಾಡಿಯಾಗಿತ್ತು.

"ಏನ್ರೀ ಇದು? ನಮಗೂ ದೀಪಾವಳಿ ಇದೆ ಅಂತ ಹೇಳ್ಕೊಂಡು ಓಡಾಡ್ತಿದೀರಾ?" ಎಂದಳು.

ಒಂಬತ್ತು ವರ್ಷದ ಮಗಳು ತಟ್ಟೆಯಿಂದ ತಲೆ ಎತ್ತಿ, "ಬಟ್ ಪಪ್ಪಾ, ವಿ ಡೋಂಟ್ ಈವನ್ ಡೂ ದೀಪಾವಳಿ," ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ಮಗಳಿಗೆ ಹುಷಾರಿಲ್ಲ, ಪೆನಾಂಗ್ ಕ್ಯಾನ್ಸಲ್ ಆಯ್ತು ಅಂತ ಏನಾದ್ರೂ ಹೇಳಿ ಡ್ಯೂಟಿ ತಗೊಂಡ್ಬಿಡ್ತೀನಿ," ಎಂದೆ.

"ಇನ್ನೊಂದು ಸುಳ್ಳಾ? ಹೋಗಿ ಹೇಳ್ರೀ ಸುಮ್ನೆ."

ಅವಳಿಗೆ ಹೇಳುವುದು ಸುಲಭ. ಕಾರಣ ಹೇಳಬೇಕಾದ್ದು ಎಂಟು ಜನರ ಮುಂದೆ. ಅಲ್ಲಿ ನಾನು ಒಂದಿಷ್ಟು ಹೆಸರು ಮಾಡಿದ್ದೆ. ಎಲ್ಲದರಲ್ಲೂ ತಪ್ಪು ಹುಡುಕುವವನು, ನೇರ ಮಾತಿನವನು ಎಂಬ ಹೆಸರು. ಇಡೀ ಭಾನುವಾರ ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ಚಾರ್ಟಿನ ಮುಂದೆ ಸೇರಬೇಕು ಎಂದು ಕೇಳಿಕೊಂಡೆ. ಎಲ್ಲರೂ ಕಾಫಿ ಲೋಟ ಹಿಡಿದು ಬಂದರು. ದೀಪಾವಳಿಯ ಡ್ಯೂಟಿ ನನಗೆ ಬೇಕು ಎಂದೆ. ಅಕ್ಕ ಆಗಲೇ ತಲೆ ಅಲ್ಲಾಡಿಸತೊಡಗಿದರು. ಪುವಾನ್ ರೂಢಿಯಂತೆ ಕಾರಣ ಕೇಳಿದರು.

"ಅದು ನನ್ನ ಹಬ್ಬ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ನಾನು ಕೆಥೋಲಿಕ, ನಮ್ಮ ಮನೇಲಿ ದೀಪಾವಳಿ ಇಲ್ಲ. ಮೊದಲನೇ ವರ್ಷ ರಜೆ ಸಿಗುತ್ತೆ ಅಂತ ಸುಳ್ಳು ಹೇಳ್ದೆ. ಆಮೇಲೆ ಅದನ್ನೇ ಮುಂದುವರಿಸ್ದೆ."

ನನ್ನ ಬೆನ್ನು ತಟ್ಟಿದ್ದ ಗೆಳೆಯ ನೆಲ ನೋಡುತ್ತಿದ್ದ. ಪುವಾನ್ ರೇಗುತ್ತಾರೆ ಎಂದು ಕಾದೆ. ರೇಗಿದ್ದರೆ ಹಗುರಾಗುತ್ತಿತ್ತು, ಬೈಯುವುದೂ ಬೈಸಿಕೊಳ್ಳುವುದೂ ನನಗೆ ಅಭ್ಯಾಸವಿದೆ. ಅವರು ಚಾರ್ಟಿನ ಹತ್ತಿರ ಹೋಗಿ ದೀಪಾವಳಿಯ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ನಾನು ಕನಸಿನಲ್ಲೂ ನೆನೆಸದ ಮಾತು ಆಡಿದರು.

"ಇದರಲ್ಲಿ ನನ್ನ ತಪ್ಪೂ ಇದೆ. ಆವತ್ತು ಇವರ ಮುಖ ನೋಡಿ ದೀಪಾವಳಿ ಅಂತ ನಾನೇ ಅಂದ್ಕೊಂಡೆ. ನಿಮ್ಮ ಹಬ್ಬ ಯಾವುದು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ," ಎಂದು ಹೇಳಿ ಅಕ್ಕನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ಎಲ್ಲರೆದುರು ಕ್ಷಮೆ ಕೇಳಿದರು. ನಮ್ಮ ವಿಭಾಗದ ಮುಖ್ಯಸ್ಥೆ, ಪುತ್ರಜಯಾದ ಸರ್ಕಾರಿ ಸಚಿವಾಲಯದ ಅಧಿಕಾರಿಗಳ ಜೊತೆ ಸರಿಸಮ ಕೂತು ಮಾತಾಡುವ ಹೆಂಗಸು. ಹದಿನೈದು ವರ್ಷದ ನೌಕರಿಯಲ್ಲಿ, ಮೇಲಿನವರು ಕೆಳಗಿನವರ ಮುಂದೆ ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮುಂದೆ ಏನು ಮಾಡ್ಬೇಕು ಅನ್ನೋದನ್ನ ನಾನು ಹೇಳೋ ಹಾಗಿಲ್ಲ," ಎಂದು ಪುವಾನ್ ಸೇರಿಸಿದರು. "ಕಳ್ಕೊಂಡವರು ಅಕ್ಕ. ಅವರು ಹೇಳಲಿ."

ಅಕ್ಕ ನನ್ನನ್ನೇ ನೋಡುತ್ತಿದ್ದರು. "ಎರಡು ದೀಪಾವಳಿ," ಎಂದರು. "ಮೊದಲನೇದು ಹೋಗಲಿ. ಮೂರನೇ ವರ್ಷದ್ದೂ ಸುಳ್ಳೇನಾ?"

"ಹೂಂ ಅಕ್ಕಾ."

ಅವರು ಲೋಟವನ್ನು ಸಿಂಕಿನಲ್ಲಿಟ್ಟು ಹೊರಗೆ ನಡೆದರು. ಮೂರನೇ ವರ್ಷ ಯಾಕೆ ಕೇಳಿದರು ಎಂದು ನನಗೆ ಹೊಳೆಯಲಿಲ್ಲ. ಪುವಾನ್ ತಗ್ಗಿದ ದನಿಯಲ್ಲಿ, "ಅದು ಅವರ ಅಮ್ಮನ ಕೊನೇ ದೀಪಾವಳಿ," ಎಂದರು. ಅಕ್ಕನ ತಾಯಿ ಇದ್ದದ್ದು ಮೂರು ಗಂಟೆ ದಾರಿಯ ಇಪೋದಲ್ಲಿ. ಆ ವರ್ಷ ಬೆಳಿಗ್ಗೆ ಡ್ಯೂಟಿಯಿದ್ದುದರಿಂದ ಅಕ್ಕನಿಗೆ ಹೋಗಲಾಗಲಿಲ್ಲ. ಮುಂದೆ ಪೊಂಗಲಿನ ಹೊತ್ತಿಗೆ ತಾಯಿ ತೀರಿಕೊಂಡರು. ಆ ಸಾವಿಗೆ ನಾನೂ ಕಚೇರಿಯವರ ಜೊತೆ ಹೋಗಿದ್ದೆ. ಹಾರ ಹಾಕಿ, ಅಕ್ಕನ ಕೈ ಹಿಡಿದು ಸಮಾಧಾನ ಹೇಳಿ ಬಂದಿದ್ದೆ. ಆ ದೀಪಾವಳಿಯಂದು ನಾನೇನು ಮಾಡಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮನೆಯಲ್ಲಿ ಬಿದ್ದುಕೊಂಡು ಟೀವಿ ನೋಡಿದ್ದೆ ಅನಿಸುತ್ತದೆ. ನೆನಪು ಕೂಡ ಇಲ್ಲ.

ಹತ್ತು ನಿಮಿಷದ ಮೇಲೆ ಅಕ್ಕ ಮುಖ ತೊಳೆದುಕೊಂಡು ಬಂದರು. ಚಾರ್ಟಿನಲ್ಲಿದ್ದ ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದು ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ಬರೆದೆ. "ಹನ್ನೊಂದು ಗಂಟೆ ವಿಮಾನದ ಪೆಟ್ಟಿಗೆಗಳಿವೆ," ಎಂದು ಹೇಳಿ ಅವರು ತಮ್ಮ ಮೇಜಿಗೆ ಹೋದರು. ಎಲ್ಲರೂ ಚದುರಿದರು.

ನನ್ನನ್ನು ಯಾರೂ ಬಹಿಷ್ಕರಿಸಲಿಲ್ಲ. ಮಧ್ಯಾಹ್ನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೆ ಊಟಕ್ಕೆ ಹೊರಟಾಗ ಚೀನೀ ಗೆಳೆಯ ನನ್ನ ಮೇಜಿನ ಹತ್ತಿರ ನಿಂತು, "ಬರ್ತೀಯೋ, ಇಲ್ಲಾ ತಪಾವ್ ಮಾಡಿಸ್ಕೊಂಡು ಬರ್ಲೋ?" ಎಂದ. ಕಟ್ಟಿಸಿಕೊಂಡು ಬಾ ಎಂದೆ. ಅವರೊಂದಿಗೆ ಕೂತು ತಿನ್ನುವ ಮುಖ ನನಗೆ ಆವತ್ತು ಇರಲಿಲ್ಲ. ನಿಜ ಹೇಳುತ್ತೇನೆ, ಎರಡು ವರ್ಷ ಇದ್ದು ಸಿಂಗಾಪುರಕ್ಕೆ ಹಾರಬೇಕೆಂದು ಲೆಕ್ಕ ಹಾಕಿ ಬಂದವನು ನಾನು. ಆ ಸಂಜೆ ಹೆಂಡತಿಗೆ ನಡೆದದ್ದನ್ನು ಹೇಳುವಾಗ 'ನಮ್ಮ ಆಫೀಸಲ್ಲಿ' ಎಂದು ಬಾಯಿಗೆ ಬಂತು. ಅದುವರೆಗೆ ಆಫೀಸು ಎಂದಷ್ಟೇ ಅನ್ನುತ್ತಿದ್ದೆ.

ದೀಪಾವಳಿಯ ಬೆಳಿಗ್ಗೆ ಖಾಲಿ ಕಚೇರಿಯಲ್ಲಿ ಕೂತು ಮುದ್ರೆ ಒತ್ತಿದೆ. ಎಂಟು ಗಂಟೆಗೆ ನಮ್ಮ ಗುಂಪಿನ ವಾಟ್ಸಾಪಿಗೆ ಒಂದು ಫೋಟೋ ಬಂತು. ಮಗಳು ಅಳಿಯ ಮಣೆಯ ಮೇಲೆ ಕೂತಿದ್ದರು, ಇಬ್ಬರ ನೆತ್ತಿಯಿಂದಲೂ ಎಣ್ಣೆ ಹಣೆಗೆ ಇಳಿಯುತ್ತಿತ್ತು. ಅಕ್ಕ ಚಿತ್ರದಲ್ಲಿರಲಿಲ್ಲ, ಅವರ ಎರಡು ಕೈ ಮಾತ್ರ ಇದ್ದವು. ಕೆಳಗೆ ಏನೂ ಬರೆದಿರಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ಆ ಕೈಗಳನ್ನು ನೋಡಿದೆ. ಮುಂದಿನ ಪೆಟ್ಟಿಗೆಯ ಕಾಗದ ತೆಗೆದುಕೊಂಡೆ.

ಅದಾದ ಮೇಲೆ ಅಕ್ಕ ನನ್ನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು. ತಂಬಿ ಎನ್ನುವುದನ್ನು ಬಿಟ್ಟಿದ್ದರು. ಡಿಸೆಂಬರ್ ಬಂತು. ಕ್ರಿಸ್ಮಸ್ ಎದುರಿಗೆ ಜನವರಿಯಲ್ಲೇ ಬರೆದ ಅವರ ಹೆಸರಿತ್ತು. ಅದನ್ನು ನೋಡಿದಾಗಲೆಲ್ಲ ಪ್ಯಾಂಟ್ರಿಗೆ ಹೋಗುವುದೇ ಬೇಡ ಅನಿಸುತ್ತಿತ್ತು. ಮತ್ತೆ ಎಲ್ಲರನ್ನೂ ಸೇರಿಸಿದೆ. ಈ ಕ್ರಿಸ್ಮಸ್‌ಗೆ, ಮುಂದಿನದಕ್ಕೂ, ಡ್ಯೂಟಿಗೆ ನಾನೇ ಬರುತ್ತೇನೆ ಎಂದೆ. ಹೆಂಡತಿಗೆ ಹೇಳಿ ಒಪ್ಪಿಸಿಯೇ ಬಂದಿದ್ದೆ.

"ಕಾರಣ?" ಎಂದರು ಅಕ್ಕ. ಆ ಸಲ ಕೇಳಿದ್ದು ಪುವಾನ್ ಅಲ್ಲ.

"ಎರಡು ದೀಪಾವಳಿ ನಿಮ್ಮಿಂದ ತಗೊಂಡೆ. ಎರಡು ಕ್ರಿಸ್ಮಸ್ ನಾನು ಕೊಡ್ತೀನಿ."

"ಅದು ನನಗೆ ಯಾಕೆ? ನಿನ್ನ ಮಗಳು ಅಪ್ಪ ಇಲ್ಲದೆ ಹಬ್ಬ ಮಾಡಿದ್ರೆ ನನ್ನ ಅಮ್ಮ ಬರ್ತಾರಾ?"

ನಾನು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟೆ.

"ನಿನ್ನ ಮೇಲೆ ನನಗೆ ಸಿಟ್ಟಿದೆ," ಎಂದರು. ದನಿ ಏರಲಿಲ್ಲ. "ಮರೀತೀನಿ ಅಂತ ಹೇಳಲ್ಲ, ಮರೆಯಲ್ಲ. ಅದು ನಂದು ನಿಂದು. ಈ ಹಾಳೆ ಅದಕ್ಕಲ್ಲ. ಕ್ರಿಸ್ಮಸ್ ನಿನ್ನ ಹಬ್ಬ ಹೌದೋ ಅಲ್ವೋ, ಅಷ್ಟು ಹೇಳು. ಈ ಸಲ ನಿಜ ಹೇಳು."

"ಹೌದು."

"ಹಾಗಾದ್ರೆ ಮನೇಲಿರು. ನಾನು ಬರ್ತೀನಿ."

ಕ್ರಿಸ್ಮಸ್ ಬೆಳಿಗ್ಗೆ ನಾವು ಇಗರ್ಜಿಗೆ ಹೋದೆವು. ಮಗಳು ಹೊಸ ಫ್ರಾಕಿನಲ್ಲಿ ಗೋದಲಿಯ ಮುಂದೆ ನಿಂತು ಬಾಲಯೇಸುವನ್ನು ನೋಡುತ್ತಿದ್ದಳು, ಹೆಂಡತಿ ಅವಳ ರಿಬ್ಬನ್ ಸರಿಮಾಡುತ್ತಿದ್ದಳು. ಬಲಿಪೂಜೆಯ ಗಂಟೆ ಬಾರಿಸಿದಾಗ ಕೈಗಡಿಯಾರ ನೋಡಿದೆ. ಏಳು ಗಂಟೆ. ಅಕ್ಕ ಕಚೇರಿಯ ಬಾಗಿಲು ತೆಗೆದಿರುತ್ತಾರೆ. ನನ್ನ ಮೇಲಿನ ಸಿಟ್ಟನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ನನ್ನ ಹಬ್ಬಕ್ಕಾಗಿ ಅಲ್ಲಿ ಕೂತಿರುತ್ತಾರೆ. ನಾನು ಮೊಣಕಾಲೂರಿದೆ. ಮಗಳು ಬಂದು ಪಕ್ಕದಲ್ಲಿ ಕೂತು ನನ್ನ ತೋಳು ಹಿಡಿದುಕೊಂಡಳು.